ಎಂಜಿನ್ನಿಗೆ ಇಟ್ಟ ಬೊಟ್ಟು

ನನಗೆ ಬೆರಗಾಗುವ ಅಭ್ಯಾಸ ಕಡಿಮೆ. ಮೊದಲ ಸಲ ಮೈಸೂರು ಅರಮನೆ ನೋಡಿದಾಗ, ಇಷ್ಟೊಂದು ಕಿಟಕಿ ಒರೆಸುವವರು ಯಾರಪ್ಪ ಅಂದುಕೊಂಡೆನೇ ಹೊರತು ಬಾಯಿ ತೆರೆದು ನಿಲ್ಲಲಿಲ್ಲ. ಮೊಮ್ಮಗ ಹುಟ್ಟಿದಾಗಲೂ ಅಷ್ಟೆ. ಬಂದವರೆಲ್ಲ ಮೂಗು ತಾತನದು, ಹಣೆ ಅಜ್ಜಿಯದು ಎಂದು ಪಾಲು ಹಂಚುತ್ತಿದ್ದರು. ನನಗೆ ಕಂಡದ್ದು ಕೆಂಪಗೆ ಸುಕ್ಕುಗಟ್ಟಿದ ಒಂದು ಮುಖ, ಅದಕ್ಕೆ ಹಸಿವಾಗಿತ್ತು. ಇಂಥ ನಾನು, ಒಬ್ಬ ಮನುಷ್ಯ ಕೆಟ್ಟ ಎಂಜಿನ್ನಿನ ಪಕ್ಕ ಕುಕ್ಕರುಗಾಲಲ್ಲಿ ಕೂತದ್ದನ್ನು ನೋಡಿ ಬೆರಗಾದೆ. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ. ಓದಿದ್ದು ನಾಲ್ಕನೆಯ ಕ್ಲಾಸು. ಎಂಜಿನ್ ಬಲ್ಲವರು ತಪ್ಪಿದ್ದ ಕಡೆ ತಿದ್ದಿಕೊಂಡು ಓದಿ.

ನಮ್ಮೂರು ಹ್ಯಾಂಡ್‌ಪೋಸ್ಟ್ ಅನ್ನುವ ಪೇಟೆಯಿಂದ ನಾಲ್ಕು ಮೈಲಿ ಒಳಗೆ, ಕೆರೆಯ ಪಕ್ಕ. ನಮ್ಮ ಕಡೆಯವರಿಗೆ ಹೊಗೆಸೊಪ್ಪೇ ಬೆಳೆ. ಹೊಗೆಸೊಪ್ಪಿನ ಬೀಜ ನೋಡಿದ್ದೀರೋ ಇಲ್ಲವೋ. ರಾಗಿ ಅದರ ಮುಂದೆ ಗುಂಡುಕಲ್ಲು. ಒಂದು ಚಿಟಿಕೆ ಎತ್ತಿ ಜೋರಾಗಿ ಉಸಿರು ಬಿಟ್ಟರೆ ಅರ್ಧ ಎಕರೆಯ ಬೆಳೆ ಹಾರಿಹೋಗುತ್ತದೆ. ಅದನ್ನು ಬೇಸಗೆಯ ನಡುವೆ ಪಾತಿಯ ಹಾಗೆ ಮಡಿ ಮಾಡಿ ಚೆಲ್ಲಿ, ಮೇಲೆ ಹುಲ್ಲು ಹೊದೆಸಿ, ಮಳೆ ಬರುವ ತನಕ ಬೆಳಗ್ಗೆ ಒಂದು ಸಲ ಸಂಜೆ ಒಂದು ಸಲ ನೀರು ಚಿಮುಕಿಸಬೇಕು. ಒಂದು ಹೊತ್ತು ತಪ್ಪಿದರೆ ಸಸಿ ತಲೆ ಬಾಗಿಸುತ್ತದೆ, ಎರಡು ಹೊತ್ತು ತಪ್ಪಿದರೆ ಎತ್ತುವುದಿಲ್ಲ. ನೀರು ಹೊರುವವರು ಹೆಂಗಸರು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೂ ಒಬ್ಬ ಗಂಡಸೂ ಇವತ್ತಿನವರೆಗೆ ಮರೆತು ಬಿಂದಿಗೆ ಎತ್ತಿದ್ದಿಲ್ಲ. ನಾನು ಮೂವತ್ತು ಬೇಸಗೆ ಹೊತ್ತೆ. ನನ್ನ ಎಡಸೊಂಟ ಬಲಸೊಂಟಕ್ಕಿಂತ ಒಂದು ಬೆರಳು ಮೇಲೆ ನಿಂತುಬಿಟ್ಟಿದೆ. ಸೀರೆ ಉಟ್ಟರೆ ಅಂಚು ಒಂದು ಕಡೆ ನೆಲ ಗುಡಿಸುತ್ತದೆ, ಇನ್ನೊಂದು ಕಡೆ ಕಾಲು ತೋರಿಸುತ್ತದೆ.

ನನ್ನ ಸೊಸೆ ಭಾಗ್ಯ ಚುಂಚನಕಟ್ಟೆ ಕಡೆಯವಳು. ಕಾವೇರಿ ನಾಲೆಯಲ್ಲಿ ನೀರು ತಾನಾಗಿ ನಡೆದು ಗದ್ದೆಗೆ ಬರುವ ಸೀಮೆ ಅದು. ಅಲ್ಲಿಂದ ಬಂದ ಹುಡುಗಿ ಕೆರೆಯಿಂದ ಮಡಿಗೆ, ಮಡಿಯಿಂದ ಕೆರೆಗೆ ಐದು ಬೇಸಗೆ ಓಡಾಡಿದಳು. ಆರನೆಯ ವರ್ಷ, ಯುಗಾದಿಗೆ ಮುಂಚೆ, ಅವಳಣ್ಣ ಗದ್ದೆಗೆ ಕರೆಂಟಿನ ಮೋಟಾರು ಹಾಕಿಸಿದ. ಅವನ ಹಳೆಯ ಎಂಜಿನ್ನು ಸುಮ್ಮನೆ ಬಿದ್ದಿತ್ತು. ಭಾಗ್ಯ ಕೇಳಿಕೊಂಡಳು. ಅವನು ಟೆಂಪೋದಲ್ಲಿ ಹಾಕಿ ಕಳಿಸಿದ. ಜೊತೆಗೆ ಒಂದು ಮಾತನ್ನೂ ಕಳಿಸಿದ: ಉಪಯೋಗಕ್ಕೆ ಬಂದರೆ ನಿಮಗೇ ಇರಲಿ, ಬಾರದಿದ್ದರೆ ತಿಂಗಳೊಳಗೆ ಹೇಳಿ, ಇಲ್ಲಿ ಇನ್ನೊಬ್ಬರು ಕೇಳುತ್ತಿದ್ದಾರೆ.

ಎಂಜಿನ್ನು ಅಂದರೆ ದೊಡ್ಡದೇನಲ್ಲ, ಕೂತ ಕರುವಿನಷ್ಟು ಇತ್ತು. ಪೆಟ್ರೋಲಿನಲ್ಲಿ ಹೊರಟು, ಮೈ ಕಾವೇರಿದ ಮೇಲೆ ಸೀಮೆಎಣ್ಣೆಗೆ ತಿರುಗುವ ಜಾತಿಯದು. ತಲೆಯ ಮೇಲೆ ಸೀಮೆಎಣ್ಣೆಯ ಟ್ಯಾಂಕು, ಅದಕ್ಕೊಂದು ತಿರುಪಿನ ಮುಚ್ಚಳ. ಹಗ್ಗ ಸುತ್ತಿ ಎಳೆದರೆ ಕೆಮ್ಮಿ, ಸೀನಿ, ಆಮೇಲೆ ಹಿಡಿದುಕೊಳ್ಳುತ್ತಿತ್ತು. ಮೊದಲ ದಿನ ಅದು ಕೆರೆಯ ನೀರನ್ನು ಎಳೆದು ಹನ್ನೆರಡನೆಯ ಮಡಿಯ ತನಕ ಪೈಪಿನಲ್ಲಿ ಉಗುಳಿದಾಗ ನಾನು, “ಇಷ್ಟು ಗಲಾಟೆ ಮಾಡ್ಕೊಂಡು ನೀರು ತರೋದಾದ್ರೆ ನಾನೂ ಬಡ್ಕೋತಾ ತರ್ತಿದ್ದೆ” ಅಂದೆ. ಬಾಯಲ್ಲಿ ಹಾಗೆ ಅಂದೆ. ಒಳಗೆ ಎದೆ ಹಾರಿತ್ತು. ಒಂದು ಲೋಟ ಎಣ್ಣೆ ಕುಡಿದು ಮೂರು ಹೆಂಗಸರ ಸೊಂಟದ ಕೆಲಸ ಮಾಡುವ ಕಬ್ಬಿಣವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಯುಗಾದಿಯ ದಿನ ನೇಗಿಲು, ನೊಗ, ಎತ್ತುಗಳಿಗೆ ಪೂಜೆಯಾದಾಗ ಭಾಗ್ಯ ಎಂಜಿನ್ನಿಗೂ ವಿಭೂತಿ ಎಳೆದು ಕುಂಕುಮ ಇಟ್ಟಳು. ಹಗ್ಗ ಎಳೆದದ್ದೇ ತಡ, ಆ ನಡುಕಕ್ಕೆ ಕುಂಕುಮ ಪುಡಿಯಾಗಿ ಉದುರಿಹೋಯಿತು. ಮಾರನೆಯ ದಿನವೂ ಹಾಗೇ ಆಯಿತು. ಹಬ್ಬದ ಬೊಟ್ಟು ಒಂದು ದಿನವೂ ನಿಲ್ಲದ್ದು ನನ್ನ ಮನಸ್ಸಿಗೆ ಸರಿ ಬರಲಿಲ್ಲ. ಈಗಿನವರು ಹಣೆಗೆ ಸ್ಟಿಕರ್ ಅಂಟಿಸುತ್ತಾರೆ, ಅವರಿಗೆ ಇದು ಗೊತ್ತಿಲ್ಲ. ನಮ್ಮ ಕಾಲದಲ್ಲಿ ಹಣೆಗೆ ಮೊದಲು ಮೇಣ ಒತ್ತಿ ಅದರ ಮೇಲೆ ಕುಂಕುಮ ಕೂರಿಸುತ್ತಿದ್ದೆವು. ಬಿಸಿಲಲ್ಲಿ ಬೆವೆತರೂ, ಗಂಡನ ಮನೆಯಲ್ಲಿ ಅತ್ತರೂ ಅಲ್ಲಾಡುತ್ತಿರಲಿಲ್ಲ. ನನ್ನ ಯಜಮಾನ ಸತ್ತ ಮೇಲೆ ನನ್ನ ಮೇಣದ ಡಬ್ಬಿ ಗೂಡಿನಲ್ಲಿ ಬಿದ್ದಿತ್ತು. ಒಳ್ಳೆಯ ಜೇನುಮೇಣ, ಎಸೆಯುವುದೇಕೆ? ಬೆಳಕು ಹರಿಯುವ ಮುಂಚೆ ಕೆರೆ ಕಡೆ ಹೋಗಿ, ಟ್ಯಾಂಕಿನ ಮುಚ್ಚಳದ ನಡುಮಧ್ಯಕ್ಕೆ ಹೆಬ್ಬೆರಳಲ್ಲಿ ಮೇಣ ಒತ್ತಿ, ದುಂಡಗೆ ಕುಂಕುಮ ಇಟ್ಟು ಬಂದೆ. ಯಾರೂ ನೋಡದ ಹೊತ್ತಿನಲ್ಲೇ ಹೋದೆ. ಗಂಡ ಇಲ್ಲದವಳು ಬೊಟ್ಟಿಗೆ ಕೈಹಾಕಿದಳು ಅಂತ ಆಡಿಕೊಳ್ಳಲು ಊರಿಗೆ ಇನ್ನೇನು ಬೇಕು? ಅದು ನಿಂತಿತು. ಎರಡು ದಿನಕ್ಕೊಮ್ಮೆ ಹೋಗಿ ಹೊಸದಾಗಿ ಒತ್ತುತ್ತಿದ್ದೆ. ಮನೆಯವರು ಬೊಟ್ಟು ನೋಡಿದರೂ, ಭಾಗ್ಯನದೇ ಅಂತ ಮಾದೇವ, ಮಾದೇವನದೇ ಅಂತ ಭಾಗ್ಯ ಸುಮ್ಮನಿದ್ದರು. ಮಾದೇವ ಅಂದರೆ ನನ್ನ ಮಗ.

ಆ ವಾರದಲ್ಲೇ ಎಂಜಿನ್ನು ನಡುವೆ ನಿಲ್ಲಲು ಶುರು ಮಾಡಿತು.

ಪೂರ್ತಿ ಕೆಟ್ಟಿದ್ದರೆ ಒಂದು ರೀತಿ. ಇದು ಹಾಗಲ್ಲ. ಚೆನ್ನಾಗಿ ಹೊರಡುತ್ತಿತ್ತು, ಎರಡು ಮೂರು ಮಡಿ ನೆನೆಸುತ್ತಿತ್ತು, ಆಮೇಲೆ ದನಿ ಸಣ್ಣಗಾಗಿ ನಿಂತುಬಿಡುತ್ತಿತ್ತು. ಮಾದೇವ ಮುಚ್ಚಳ ತೆಗೆದು ಎಣ್ಣೆ ಇದೆಯೋ ನೋಡುವನು, ಇರುತ್ತಿತ್ತು. ಮುಚ್ಚಿ ಎಳೆದರೆ ಏನೂ ಆಗಿಲ್ಲವೆಂಬಂತೆ ಹೊರಡುವುದು. ಮತ್ತೆ ಎರಡು ಮಡಿ, ಮತ್ತೆ ಮೌನ. ಒಂದೊಂದು ದಿನ ಹಗ್ಗ ಎಳೆದಷ್ಟೂ ಪೆಟ್ರೋಲು ಗಂಟಲಿಗೆ ಸಿಕ್ಕಿದವರ ಹಾಗೆ ಉಗುಳಿ ಹಟ ಹಿಡಿಯುತ್ತಿತ್ತು. ಹೀಗೆ ಹತ್ತು ದಿನವಾಯಿತು. ಮಾದೇವನಿಗೆ ಸಿಟ್ಟು ನೆತ್ತಿಗೇರಿತು. ಬಿಂದಿಗೆ ಹೊತ್ತವನಲ್ಲವಲ್ಲ, ಅವನಿಗೆ ಎಂಜಿನ್ನು ಇದ್ದರೂ ಒಂದೇ ಹೋದರೂ ಒಂದೇ. “ಸೋಮವಾರ ಟೆಂಪೋಗೆ ಏಳಿವ್ನಿ, ವಾಪಸ್ ಕಳಿಸ್ಬುಡ್ತೀನಿ. ನಿಮ್ಮಣ್ಣ ಸಂದಾಗಿರೋದ ಕೊಡ್ತಾನಾ?” ಅಂದ. ಮಾರನೆಯ ದಿನ ಭಾಗ್ಯ ಅಟ್ಟದ ಮೇಲಿದ್ದ ಬಿಂದಿಗೆಗಳನ್ನು ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದಳು. ಉಜ್ಜಿದ ಬಗೆ ನೋಡಿದರೆ ಬಿಂದಿಗೆಯಲ್ಲಿ ತೂತು ಬೀಳಬೇಕಿತ್ತು.

ಈಗ ನನ್ನ ಪಾಲು ಹೇಳಿಬಿಡುತ್ತೇನೆ. ಕಾರಣ ಕಂಡುಹಿಡಿದವಳು ನಾನೇ ಅಂತ ನಾನು ತಿಳಿದಿದ್ದೆ. ಸೀಮೆಎಣ್ಣೆ ತರುವ ಕ್ಯಾನನ್ನು ಭಾಗ್ಯ ಒಂದು ದಿನ ತೊಳೆದದ್ದನ್ನು ನೋಡಿದ್ದೆ. ಒಣಗಿಸದೆ ಎಣ್ಣೆ ತುಂಬಿದ್ದಾಳೆ, ಎಣ್ಣೆಯಲ್ಲಿ ನೀರು ಸೇರಿದೆ, ಅದಕ್ಕೇ ನಿಲ್ಲುತ್ತಿದೆ. ಇಷ್ಟನ್ನು ಮನೆಯಲ್ಲಿ ಹೇಳಿ ಬಿಡಬಹುದಿತ್ತು. ಕೆರೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೇಳಿದೆ, ಹಾಲಿನ ಡೈರಿಯ ಮುಂದೆ ಹೇಳಿದೆ, ಹೇಳಿದ ಕಡೆಯೇ ಎರಡನೆಯ ಸಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅದು ಕಣ್ಣಾರೆ ಕಂಡಷ್ಟು ನಿಜವಾಯಿತು.

ಶನಿವಾರ ಭಾಗ್ಯ ಯಾರಿಗೂ ಹೇಳದೆ ಬಸ್ಸು ಹತ್ತಿ ಹ್ಯಾಂಡ್‌ಪೋಸ್ಟಿಗೆ ಹೋದಳು. ಭಾನುವಾರ ಬೆಳಗ್ಗೆ, ಅವಳು ಹೇಳಿ ಬಂದಿದ್ದ ಮೆಕ್ಯಾನಿಕ್ಕು, ಚೆಲುವಯ್ಯ ಅನ್ನುವವನು ಮೊಪೆಡ್ ಮೇಲೆ ಬಂದ. ಐವತ್ತು ದಾಟಿದ ಆಳು, ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದ. ರಿಪೇರಿಯವನು ಅಂದರೆ ಒಂದು ಮೂಟೆ ಸ್ಪಾನರು ಹೊತ್ತು ಬರುತ್ತಾನೆ, ಬಂದವನೇ ಬಿಚ್ಚಿ ಹರಡುತ್ತಾನೆ ಅಂತ ನಾನು ತಿಳಿದಿದ್ದೆ. ಇವನ ಚೀಲದಲ್ಲಿ ಇದ್ದದ್ದು ಒಂದು ಸ್ಪಾನರು, ಒಂದು ಗಾಜಿನ ಸೀಸೆ, ಒಂದು ಚೂರು ತಂತಿ, ಒಂದು ಬಟ್ಟೆ. ಹೆಣ್ಣು ನೋಡಲು ಬಂದವರ ಹಾಗೆ ಕೂತು ಮೊದಲು ಎಲೆಅಡಿಕೆ ಹಾಕಿದ.

“ಏನಾಗದೆ?” ಅಂತಲೂ ಕೇಳಲಿಲ್ಲ. ಮಾದೇವನೇ, “ಸರ್ಯಾಗಿ ಓಡಾಕಿಲ್ಲ ಚೆಲುವಣ್ಣ, ಕಾರ್ಬೆಟರ್ ಓಗದೆ, ಇಲ್ಲ ಪಿಸ್ಟನ್ನು” ಅಂತ ಶುರು ಮಾಡಿದ.

“ಏನಾಗದೆ ಅಂತ ಬ್ಯಾಡ ಕಣಪ್ಪ, ಅದ ನಾನು ನೋಡ್ಕೋತೀನಿ. ಯಾವಾಗ ಆಯ್ತದೆ ಅಂತ ಏಳಿ.”

ಮಾದೇವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಭಾಗ್ಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. “ಪೆಟ್ರೋಲಲ್ಲಿ ಇರೋಗಂಟ ಏನೂ ಆಗಲ್ಲ ಅಣ್ಣ. ಸೀಮೆಎಣ್ಣೆಗೆ ತಿರುಗ್ಸಿದ್ರೆ ಮೂರು ಮಡಿ ನೆನೀತವೆ, ನಾಕನೇದಕ್ಕೆ ನಿಂತೋಯ್ತದೆ. ಟ್ಯಾಂಕು ತುಂಬ ಉಯ್ದಿದ್ರೆ ಇನ್ನೂ ಬೇಗ, ಒಂದೂವರೆ ಮಡೀಗೇ ನಿಲ್ತದೆ.”

ಮಾದೇವ ನಕ್ಕ. “ಒಟ್ಟೆ ತುಂಬ ಕುಡುದ್ರೆ ಬೇಗ ಮಲಗ್ತದೆ ಅಂತ ಇವ್ಳ ಶಾಸ್ತ್ರ!”

ಚೆಲುವಯ್ಯ ನಗಲಿಲ್ಲ. ಬಾಯಲ್ಲಿದ್ದ ಎಲೆಯನ್ನು ಅಗಿಯುವುದನ್ನೇ ನಿಲ್ಲಿಸಿದ. “ತುಂಬಿದ್ರೆ ಬೇಗ ನಿಲ್ತದಾ? ಸರ್ಯಾಗಿ ನೋಡಿದ್ದೀಯವ್ವ?”

“ದಿನಾ ನಾನೇ ಅಲ್ವಾ ನೋಡೋದು.”

“ನೀ ವಸಿ ಸುಮ್ಕಿರು ಮಾದೇವಪ್ಪ” ಅಂದ ಅವನು, ಎಲೆಯನ್ನು ಉಗುಳಿ ಎದ್ದ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನನ್ನ ಆಯಸ್ಸಿನಲ್ಲಿ ಬಹಳ ಜನ ಕಾಯಿಲೆ ನೋಡುವವರನ್ನು ನೋಡಿದ್ದೇನೆ. ಕಣಿ ಹೇಳುವವಳು ನಮ್ಮ ಮುಖ ನೋಡುತ್ತಾಳೆ, ನಮ್ಮ ಹೆದರಿಕೆ ಯಾವ ಕಡೆ ವಾಲುತ್ತದೋ ಆ ಕಡೆಗೆ ಹೇಳುತ್ತಾಳೆ. ಒಬ್ಬ ಡಾಕ್ಟರು ನಾನು ಸೊಂಟ ಅನ್ನುವಷ್ಟರಲ್ಲಿ ಮಾತ್ರೆ ಬರೆದು ಮುಗಿಸಿದ್ದರು. ಬಂದದ್ದು ಸೊಂಟ ನೋವಿಗಲ್ಲ, ಸೊಂಟದ ಮೇಲೆ ಎದ್ದಿದ್ದ ಕುರುವಿಗೆ ಅಂತ ಹೇಳಲು ನನಗೆ ಜಾಗವೇ ಸಿಗಲಿಲ್ಲ. ಎಲ್ಲರಿಗೂ ಉತ್ತರ ಮೊದಲೇ ಗೊತ್ತಿರುತ್ತದೆ. ನನಗೂ ಗೊತ್ತಿತ್ತು, ನೀರು ಸೇರಿದೆ ಅಂತ. ಗೊತ್ತಿಲ್ಲ ಅಂತ ಒಪ್ಪಿಕೊಂಡು ಕೆಲಸ ಶುರು ಮಾಡುವವನನ್ನು ನಾನು ನೋಡಿದ್ದು ಅವತ್ತೇ ಮೊದಲು.

ಅವನು ಹಗ್ಗ ಸುತ್ತಿ ಮೆಲ್ಲಗೆ ಎಳೆದ. ಹೊರಡಿಸಲಿಕ್ಕಲ್ಲ, ಸುಮ್ಮನೆ, ಹಸುವಿನ ಕೆಚ್ಚಲು ಮುಟ್ಟಿ ನೋಡುವ ಹಾಗೆ. ಒಳಗಿನಿಂದ ಎಂಜಿನ್ನು ಹಗ್ಗವನ್ನು ಹಿಂದಕ್ಕೆ ಎಳೆಯಿತು. “ಒಳಗಡೆ ಬಿಗಿ ಸಂದಾಕದೆ. ಪಿಸ್ಟನ್ ಮಾತು ಬುಟ್ಬುಡಿ” ಅಂದ. ಆಮೇಲೆ ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡು ನನಗೇ ತೋರಿಸಿದ. ತುದಿ ಕಂದುಬಣ್ಣಕ್ಕಿತ್ತು. “ಇದು ಕರ‍್ರಗೆ ಮಸಿ ಇಡುದಿದ್ರೆ ಎಣ್ಣೆ ಜಾಸ್ತಿ, ಗಾಳಿ ಕಮ್ಮಿ. ಬೂದಿ ಅಂಗೆ ಬೆಳ್ಳಗಿದ್ರೆ ಕಾವು ಜಾಸ್ತಿ. ಇದು ಎಂಗದೆ ನೋಡವ್ವ?”

“ಹದವಾಗಿ ಬೆಂದ ರೊಟ್ಟಿ ಅಂಗದೆ” ಅಂದೆ.

“ಅಷ್ಟೇ. ಒಲೆ ಮುಂದೆ ಕೂತೋರಿಗೆ ಎಂಜಿನ್ ಏಳ್ಕೊಡಬೇಕಾ?”

ಮಾತು ನಿಜ. ಹೊಗೆಯ ಬಣ್ಣ ನೋಡಿಯೇ ಸೌದೆ ಹಸಿಯೋ ಒಣಗಿದ್ದೋ ಹೇಳುತ್ತೇನೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯಲ್ಲಿ ಬೆಂಕಿಗೆ ಗಾಳಿ ಸಾಲದಿದ್ದರೆ ದೂರದಿಂದಲೇ ವಾಸನೆ ಹಿಡಿಯುತ್ತೇನೆ. ಬೆಂಕಿ, ಎಣ್ಣೆ, ಗಾಳಿ, ಮೂರು ಹದಕ್ಕೆ ಕೂಡಿದರೆ ಉರಿ. ಜೀವಮಾನ ಇಡೀ ಒಲೆ ಊದಿದವಳಿಗೆ ಈ ಕಬ್ಬಿಣದ ಹೊಟ್ಟೆಯೊಳಗೆ ಇರುವುದೂ ಒಂದು ಒಲೆಯೇ ಅಂತ ಹೊಳೆದಿರಲಿಲ್ಲ. ನಾನು ಊದುವ ಒಲೆ ಒಂದು ಸಲ ಹತ್ತಿದರೆ ಮಧ್ಯಾಹ್ನದ ತನಕ. ಇದರೊಳಗಿನ ಒಲೆ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಹತ್ತಾರು ಸಲ ಹತ್ತಿ ಆರಿ ಹತ್ತುತ್ತದೆ ಅಂದ ಚೆಲುವಯ್ಯ. ಊದುವವರು ಯಾರು ಅದನ್ನು?

ಆಮೇಲೆ ಅವನು ಟ್ಯಾಂಕಿನ ತಳದಿಂದ ಸೀಸೆಗೆ ಸೀಮೆಎಣ್ಣೆ ಇಳಿಸಿ ಬಿಸಿಲಿಗೆ ಹಿಡಿದ. “ನೀರಿದ್ರೆ ತಳಕ್ಕೆ ಕೂತ್ಕೋತದೆ, ಬೇರೆ ಕಾಣ್ತದೆ.” ನಾವೆಲ್ಲ ಸೀಸೆಯನ್ನೇ ನೋಡಿದೆವು. ನನ್ನಷ್ಟು ಆಸೆಯಿಂದ ನೋಡಿದವರು ಬೇರೆ ಯಾರೂ ಇರಲಿಕ್ಕಿಲ್ಲ. ಒಂದು ಹನಿ ಕೂರಲಿ ತಾಯಿ ಅಂತ ಬೇಡಿಕೊಂಡೆ. ಕೂರಲಿಲ್ಲ. ಸೀಸೆ ಮೇಲಿಂದ ಕೆಳಗಿನ ತನಕ ಒಂದೇ ಬಣ್ಣಕ್ಕಿತ್ತು. ಭಾಗ್ಯ ನನ್ನ ಕಡೆ ಒಂದು ಸಲ ತಿರುಗಿ ನೋಡಿದಳು, ಅಷ್ಟೆ. ಡೈರಿಯ ಮುಂದೆ ನಾನು ಹೇಳಿದ್ದು ಅವಳಿಗೆ ತಲುಪಿದೆ ಅಂತ ಆಗ ಗೊತ್ತಾಯಿತು.

ಕೊನೆಗೆ ಎಂಜಿನ್ ಹೊರಡಿಸಿ, ಸೀಮೆಎಣ್ಣೆಗೆ ತಿರುಗಿಸಿ, ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತ. ಬಾಯಲ್ಲಿ ಬೆರಳಿಟ್ಟು ನಮಗೆ ಸುಮ್ಮನಿರಿ ಅಂದ. ಅಷ್ಟು ಸದ್ದಿನ ಪಕ್ಕದಲ್ಲಿ ಪಿಸುಮಾತನ್ನು ಯಾಕೆ ತಡೆದ ಅಂತ ನಗು ಬಂತು. ಆದರೆ ಅವನ ಮುಖ ನೋಡಿ ನಗು ನಿಂತಿತು. ಕಣ್ಣು ಮುಚ್ಚಿದ್ದ. ನಾನು ಕೇಳುತ್ತಿದ್ದದ್ದು ಒಂದು ಗದ್ದಲ. ಅವನು ಅದರೊಳಗೆ ಒಂದೊಂದು ಎಳೆಯನ್ನೂ ಬೇರೆ ಬೇರೆ ಕೇಳುತ್ತಿದ್ದ. ನೆರೆದ ಮದುವೆಮನೆಯಲ್ಲಿ ತಾಯಿಯೊಬ್ಬಳು ತನ್ನ ಮಗುವಿನ ಅಳುವನ್ನು ಮಾತ್ರ ಆಯ್ದುಕೊಳ್ಳುತ್ತಾಳಲ್ಲ, ಹಾಗೆ. ಒಂದು ಮಡಿ ನೆನೆಯಿತು, ಎರಡು ನೆನೆಯಿತು. “ಈಗ” ಅಂದ. ನಮಗೆ ಏನೂ ಕೇಳಿಸಲಿಲ್ಲ. ಅವನು ಹಾಗಂದು ಹತ್ತು ಉಸಿರು ಆದ ಮೇಲೆ ದನಿ ಸಣ್ಣಗಾಯಿತು, ಎಂಜಿನ್ನು ನಿಂತಿತು.

ಅವನು ಸ್ಪಾನರು ಮುಟ್ಟಲಿಲ್ಲ. ಕೈ ಚಾಚಿ ಟ್ಯಾಂಕಿನ ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿದ. ಸುಯ್ಯ್ ಅಂತ ಟ್ಯಾಂಕು ಗಾಳಿ ಎಳೆದುಕೊಂಡಿತು. ನೀರಿನಲ್ಲಿ ಮುಳುಗಿ ಎದ್ದವರು ಎಳೆಯುವ ಉಸಿರಿನ ಹಾಗೆಯೇ.

“ಎಣ್ಣೆ ಕೆಳೀಕೆ ಇಳೀಬೇಕಾದ್ರೆ ಮ್ಯಾಗಿಂದ ಗಾಳಿ ಬರ್ಬೇಕು” ಅಂದ. “ಬರ್ಲಿಲ್ಲ ಅಂದ್ರೆ ಟ್ಯಾಂಕು ಎಣ್ಣೆ ಬುಡಾಕಿಲ್ಲ. ಟ್ಯಾಂಕು ತುಂಬಿದ್ರೆ ಒಳಗೆ ಗಾಳಿ ಇರೋದೇ ವಸಿ, ಅದ್ಕೇ ಬೇಗ ಕಟ್ಟೋಯ್ತದೆ. ಈ ಸೊಸೆಯವ್ವ ಏಳಿದ್ಲಲ್ಲ, ಅಲ್ಲೇ ಅರ್ಧ ಸಿಕ್ತು ನಂಗೆ.” ಮುಚ್ಚಳ ಸಡಿಲ ಬಿಟ್ಟು ಹಗ್ಗ ಎಳೆದ. ನಾಲ್ಕನೆಯ ಮಡಿ ದಾಟಿತು, ಎಂಟು ದಾಟಿತು, ನಿಲ್ಲಲಿಲ್ಲ.

ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಬೀಳುವುದಿಲ್ಲ, ಗಾಳಿಗೆ ಎದುರುಗಡೆ ಇನ್ನೊಂದು ತೂತು ಹೊಡೆಯಬೇಕು. ಇದನ್ನು ಅಡಿಗೆಮನೆಯಲ್ಲಿ ಹಬ್ಬ ಹಬ್ಬಕ್ಕೂ ಮಾಡಿದ್ದು ಇದೇ ಕೈ. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ಗೊತ್ತಿರುವುದಿಲ್ಲ.

ಅವನು ಮುಚ್ಚಳವನ್ನು ಕೈಗೆ ತೆಗೆದುಕೊಂಡು ಕನ್ನಡಕ ಏರಿಸಿದ. ನಡುಮಧ್ಯದ ಕುಂಕುಮವನ್ನು ಉಗುರಿನಿಂದ ಕೆರೆದ. ಉಗುರಿಗೆ ಮೇಣ ಬಂತು. ಮೂಸಿದ. ತಂತಿಯಿಂದ ಚುಚ್ಚಿದರೆ ಅಲ್ಲೊಂದು ಸಾಸಿವೆಗಾತ್ರದ ತೂತು. ಆಮೇಲೆ ಅವನು ಮಾಡಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ತಲೆ ಎತ್ತಿ ಭಾಗ್ಯನ ಹಣೆ ನೋಡಿದ. ಅಲ್ಲಿ ಸ್ಟಿಕರ್ ಇತ್ತು. ನನ್ನ ಹಣೆ ನೋಡಿದ, ಅದು ಬರಿದಾಗಿತ್ತು. ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಅವನಿಗೆ ಕುಡಿಯಲು ಅಂತ ನಾನು ಹಿಡಿದು ನಿಂತಿದ್ದ ನೀರಿನ ಚೊಂಬಿನ ಕಡೆ ಕಣ್ಣು ಇಳಿಸಿದ. ನನ್ನ ಹೆಬ್ಬೆರಳಿನ ಉಗುರಿನ ಸಂದಿ ಕೆಂಪಗಿತ್ತು.

ಪ್ಲಗ್ ನೋಡಿದ ಕಣ್ಣೇ ಅದು. ನನ್ನನ್ನೂ ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡು ನೋಡಿ, ಮತ್ತೆ ಜೋಡಿಸಿಬಿಟ್ಟ. “ಕಸ ಕಟ್ಟಿತ್ತು” ಅಂದ, ಮುಚ್ಚಳವನ್ನು ಬಟ್ಟೆಯಿಂದ ಒರೆಸಿ ಹಾಕಿದ, ಚೊಂಬು ಇಸಿದುಕೊಂಡು ನೀರು ಕುಡಿದ.

ನಾನು ಬಚಾವಾದೆ ಅಂದುಕೊಂಡೆ. ಅಷ್ಟರಲ್ಲಿ ಮಾದೇವ ಶುರು ಮಾಡಿದ. “ಕಸ ಬುಟ್ಟೋರು ಯಾರು? ಎಣ್ಣೆ ಉಯ್ಯೋಳು ಇವ್ಳೇ ತಾನೇ? ಒಂದು ಮುಚ್ಚಳ ನೋಡ್ಕೊಳಾಕೆ ಆಗದೋಳ್ಗೆ ಎಂಜಿನ್ ಯಾಕೆ? ಇವತ್ತು ಕಸ, ನಾಳೀಕೆ ಇನ್ನೊಂದು. ಟೆಂಪೋ ಬರ್ಲಿ ಬುಡು, ಓಗ್ಲಿ.”

ಭಾಗ್ಯ ದಡದ ಮೇಲೆ ಇಟ್ಟಿದ್ದ ಬಿಂದಿಗೆ ತೆಗೆದುಕೊಂಡಳು. ಉಳಿದ ನಾಲ್ಕು ಮಡಿಗೆ ನೀರು ತರಲು ಕೆರೆಗೆ ಇಳಿಯತೊಡಗಿದಳು. ಎಂಜಿನ್ನು ಪಕ್ಕದಲ್ಲೇ ಓಡುತ್ತಿತ್ತು, ಆದರೂ ಇಳಿದಳು. ಅವಳ ಎಡಸೊಂಟ ಆಗಲೇ ಸ್ವಲ್ಪ ಮೇಲಕ್ಕೆ ನಿಂತದ್ದು ಅವತ್ತು ನನ್ನ ಕಣ್ಣಿಗೆ ಬಿತ್ತು. ಐದೇ ಬೇಸಗೆಗೆ.

“ಕಸ ಅಲ್ಲ ಕಣ್ಲಾ, ನಾನು” ಅಂದೆ.

“ಏನವ್ವ?”

“ಮೇಣ ಆಕಿ ಬೊಟ್ಟು ಮಡಗಿದ್ದು ನಾನು. ಎಣ್ಣೇಲಿ ನೀರು ಅಂತ ಊರೆಲ್ಲಾ ಸಾರಿದ್ದೂ ನಾನೇ. ಅವ್ಳದೇನೂ ತಪ್ಪಿಲ್ಲ.”

ಮಾದೇವನ ಮುಖ ಬಿಳಿಚಿಕೊಂಡಿತು. ಎಂಜಿನ್ ವಿಷಯ ಮರೆತೇಹೋಯಿತು ಅವನಿಗೆ. “ನೀನು ಬೊಟ್ಟು ಮಡಗಿದ್ಯಾ? ನಿಂಗೇನ್ ಬಂದಿತ್ತವ್ವ! ಊರಲ್ಲಿ ಗೊತ್ತಾದ್ರೆ ಏನಂದಾರು, ಮುಂಡೆ ಬೊಟ್ಟಿಟ್ಳು, ಅದ್ಕೇ ಎಂಜಿನ್ ನಿಂತೋಯ್ತು ಅನ್ನಾಕಿಲ್ವಾ?”

ನಾನು ಹೆದರಿದ್ದದ್ದೂ ಅದಕ್ಕೇ. ಆ ಮಾತನ್ನು ಹೆತ್ತ ಮಗನ ಬಾಯಲ್ಲೇ ಮೊದಲು ಕೇಳಬೇಕಾಯಿತು. ಅಳುವವಳಲ್ಲ ನಾನು, ಅಳಲಿಲ್ಲ.

ಚೆಲುವಯ್ಯ ಚೊಂಬು ಕೆಳಗಿಟ್ಟ. “ಮುತ್ತೈದೆ ಇಟ್ಟಿದ್ರೂ ನಿಲ್ತಿತ್ತು ಮಾದೇವಪ್ಪ. ಪೂಜಾರಪ್ಪ ಇಟ್ಟಿದ್ರೂ ನಿಲ್ತಿತ್ತು. ತೂತು ಮುಚ್ಚಿದ್ರೆ ಗಾಳಿ ನಿಲ್ತದೆ. ಮುಚ್ಚಿದ ಕೈ ಯಾರ್ದು ಅಂತ ಅದು ಕೇಳಾಕಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ನಾಳೆಯಿಂದ ಇಡಬೇಕು ಅನ್ಸಿದ್ರೆ ಟ್ಯಾಂಕಿನ ಪಕ್ಕೆಗೆ ಇಡವ್ವ. ಅಲ್ಲಿ ಮೇಣ ಸಂದಾಕೆ ಇಡೀತದೆ” ಅಂದ.

ಒಂದು ಮಾತು ಜಾಸ್ತಿ ಇಲ್ಲ, ಒಂದು ಕಡಿಮೆ ಇಲ್ಲ. ನಾನು ಪೂರ್ತಿ ಬೆರಗಾದದ್ದು ಅಲ್ಲಿ. ಗಂಡ ಸತ್ತ ಹದಿನಾಲ್ಕು ವರ್ಷದಲ್ಲಿ ನನ್ನ ಕೈಯೂ ಎಲ್ಲರದರ ಹಾಗೆ ಬರೀ ಒಂದು ಕೈ ಅಂತ ಹೇಳಿದವನು ಒಬ್ಬ ಮೆಕ್ಯಾನಿಕ್ಕು. ಅದೂ ನನ್ನ ಸಮಾಧಾನಕ್ಕೆ ಅಂತ ಹೇಳಿದ್ದಲ್ಲ. ಎಂಜಿನ್ನು ಹಾಗೆ ಇರುವುದರಿಂದ ಹೇಳಿದ್ದು. ಸಮಾಧಾನದ ಮಾತಾಗಿದ್ದರೆ ನಾನು ನಂಬುತ್ತಿರಲಿಲ್ಲ.

ಮಾದೇವ ತಲೆ ಕೆರೆದುಕೊಂಡು ಟೆಂಪೋದವನಿಗೆ ಬೇಡ ಅಂತ ಹೇಳಲು ಹೋದ. ಚೆಲುವಯ್ಯ ಇನ್ನೊಂದು ಸಲ ಎಲೆಅಡಿಕೆ ಹಾಕಿ ಮೊಪೆಡ್ ಹತ್ತಿದ. ನಾನು ಕೆರೆಯ ದಂಡೆಗೆ ಹೋಗಿ, “ಬಿಂದಿಗೆ ಮಡಗ್ಬುಟ್ಟು ಬಾ” ಅಂದೆ.

“ಡೈರಿ ಮುಂದೆ ಅಂದಿದ್ರಲ್ಲ ಅತ್ತೆ, ನೀರು ಸೇರ್ಸೋಳು ಅಂತ” ಅಂದಳು ಭಾಗ್ಯ, ನೀರಿನಲ್ಲೇ ನಿಂತು.

“ಅಂದಿದ್ದೆ. ನಾಳೆ ಅಲ್ಲೇ ಓಗಿ ಇದ್ನೂ ಅಂತೀನಿ.”

“ಬೊಟ್ಟಿನ್ದೂ?”

“ಬೊಟ್ಟಿನ್ದೂ.”

ಅವಳು ಬಿಂದಿಗೆಯನ್ನು ಬೋರಲು ಹಾಕಿ ಮೇಲೆ ಬಂದಳು. ಎಂಜಿನ್ನು ಒಂದೇ ಸಮ ಓಡುತ್ತಿತ್ತು. ಒಂಬತ್ತನೆಯ ಮಡಿ, ಹತ್ತನೆಯ ಮಡಿ. ಪೈಪನ್ನು ಮಡಿಯಿಂದ ಮಡಿಗೆ ಸರಿಸಿದ್ದು ಬಿಟ್ಟರೆ ನಮಗೆ ಕೆಲಸವೇ ಇರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಕೈಕಟ್ಟಿ ನಿಂತೆವು, ಬಂದ ಮನೆಯಲ್ಲಿ ಕೂರಿ ಅನ್ನುವವರಿಲ್ಲದ ನೆಂಟರ ಹಾಗೆ. ಆಮೇಲೆ ಭಾಗ್ಯ ಹೊಂಗೆ ಮರದ ಬುಡದಲ್ಲಿ ಕೂತಳು. ಬೇಸಗೆಯಲ್ಲಿ ಮಡಿಗೆ ನೀರು ಕಟ್ಟುವ ಹೊತ್ತಿನಲ್ಲಿ ಕೂತಿರುವ ಹೆಂಗಸನ್ನು ನಾನು ಅವತ್ತಿನ ತನಕ ಕಂಡಿರಲಿಲ್ಲ. ಬಯ್ಯಬೇಕು ಅಂತ ಬಾಯಿ ತೆರೆದೆ. ಬಯ್ಯಲು ಏನೂ ಸಿಗಲಿಲ್ಲ. ನಾನೂ ಹೋಗಿ ಪಕ್ಕದಲ್ಲಿ ಕೂತೆ.